ಹಡಗಿನಿಂದ ಇಳಿದ ಮೇಲಿನ ರೈಲಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಯುರೋಪಿನ ಕ್ರೂಸ್ ಪ್ರವಾಸದ ಲೇಖನ ಓದಿದೆ. ಹಡಗಿನ ಊಟ, ಈಜುಕೊಳ, ರಾತ್ರಿಯ ಹಾಡು ಕುಣಿತ ಎಲ್ಲ ಚೆನ್ನಾಗಿ ಬಂದಿದೆ. ಆದರೆ ಹಡಗು ರೋಮ್‌ನಲ್ಲಿ ಇಳಿಸುತ್ತದೆ, ಅಲ್ಲಿಂದ ರೈಲು ಹಿಡಿದು ವೆನಿಸ್, ಸ್ವಿಟ್ಜರ್ಲೆಂಡ್, ಪ್ಯಾರಿಸ್ ನೋಡಿಕೊಂಡು ಬರಬಹುದು ಅಂತ ಒಂದೇ ಸಾಲಿನಲ್ಲಿ ಲೇಖನ ಮುಗಿದಿದೆ. ನಮ್ಮ ಕಡೆಯ ಜನ ತೊಂದರೆಗೆ ಸಿಕ್ಕುವುದು ಇದೇ ಸಾಲಿನಲ್ಲಿ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ರೈಲ್ವೆಯ ರಿಸರ್ವೇಶನ್ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮಿರಜಿನಲ್ಲೋ ಲೋಂಡಾದಲ್ಲೋ ಗಾಡಿ ಬದಲಿಸುವವರು ಕೌಂಟರಿಗೆ ಬಂದರೆ, ಟಿಕೆಟ್ ಕೊಡುವ ಮೊದಲು ನಡುವೆ ಎಷ್ಟು ಹೊತ್ತು ಉಳಿಯುತ್ತದೆ ಅಂತ ನೋಡುತ್ತಿದ್ದೆ. ತೀರಾ ಕಡಿಮೆ ಇದ್ದರೆ, ಮುಂದಿನ ಗಾಡಿ ತಗೊಳ್ಳಿ ಅಂತ ಹೇಳುತ್ತಿದ್ದೆ. ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ದೆಸೆಯಿಂದ ನಾನೂ ನಮ್ಮ ಯಜಮಾನರೂ ಮೆಡಿಟರೇನಿಯನ್ ಕ್ರೂಸ್ ಮುಗಿಸಿ ರೈಲಿನಲ್ಲಿ ಅವಳ ಮನೆಗೆ ಹೋಗಿಬಂದಿದ್ದೇವೆ. ಹೊರಡುವ ಮೊದಲು ತಿಂಗಳುಗಟ್ಟಲೆ ವೇಳಾಪಟ್ಟಿ ನೋಡಿದ್ದೆ. ಅದು ನನಗೆ ಇಷ್ಟದ ಕೆಲಸ.

ನಮ್ಮ ಓಣಿಯ ಕಾಕಾ ಕಾಕು ಹೋಗಿಬಂದ ರೀತಿ ಬೇರೆ. ಹೊರಡುವ ಹಿಂದಿನ ವಾರ ಕಾಕು ಮನೆಗೆ ಬಂದು, "ರೋಮ್‌ನಾಗ ಇಳಸ್ತಾರಂತ್ರಿ ಅಕ್ಕಾರ, ಅಲ್ಲೇ ಟ್ರೇನ್ ಐತಂತ, ಏನೂ ಕಾಳಜಿ ಇಲ್ಲಂತ" ಅಂದರು. ಅವರ ಕೈಯಲ್ಲಿದ್ದ ಏಜೆಂಟರ ಕಾಗದದಲ್ಲಿ ಹಡಗು ಬೆಳಿಗ್ಗೆ 7ಕ್ಕೆ ಬಂದರಿಗೆ ಬರುತ್ತದೆ ಅಂತಿತ್ತು. ಕೆಳಗೆ ರೋಮಾ ಟರ್ಮಿನಿ ನಿಲ್ದಾಣದಿಂದ 9:10ಕ್ಕೆ ವೆನಿಸ್ ರೈಲು. ಇದು ಆಗುವ ಮಾತಲ್ಲ, ಟಿಕೆಟ್ ಬದಲಿಸಲು ಹೇಳಿ ಅಂದೆ. ಕಾಕಾ ಫೋನ್ ಮಾಡಿದರು. ನಾವು ದಿನಾ ಜನರನ್ನು ಕಳಿಸುತ್ತೇವೆ, ಸುಮ್ನೆ ಹೆದರಬೇಡಿ ಅಂತ ಉತ್ತರ ಬಂತು. ಹಡಗು ಹೇಳಿದ ಹೊತ್ತಿಗೇ ಬಂತು, ರೈಲು ತಪ್ಪಿತು. ಅಗ್ಗದ ದರದ ಟಿಕೆಟ್ ಆದ್ದರಿಂದ ಹಣ ವಾಪಸ್ ಇಲ್ಲ, ಬೇರೆ ಗಾಡಿಗೆ ಬದಲಿಸುವಂತೆಯೂ ಇಲ್ಲ. ಟರ್ಮಿನಿಯ ಕೌಂಟರಿನಲ್ಲಿ ಆ ದಿನದ ಪೂರ್ತಿ ದರ ಕೊಟ್ಟು ಹೊಸ ಟಿಕೆಟ್ ತೆಗೆದರು. 70 ದಾಟಿದ ಇಬ್ಬರು, ಭಾಷೆ ಬಾರದ ಊರು, ಕೈಯಲ್ಲಿ ಎರಡು ದೊಡ್ಡ ಬ್ಯಾಗು. ಹಡಗು ತಡ ಮಾಡಿರಬೇಕು ಅಂತ ಏಜೆಂಟರು ಇವತ್ತಿಗೂ ಹೇಳುತ್ತಾರೆ. ನನಗೆ ಇದರಿಂದ ಬಹಳ ಸಿಟ್ಟು ಬಂದಿದೆ.

ಮೂಲ ವಿಷಯ ಇಷ್ಟೇ. ಹಡಗು ರೋಮ್‌ಗೆ ಬರುವುದೇ ಇಲ್ಲ. ರೋಮ್ ಸಮುದ್ರದ ದಂಡೆಯಲ್ಲಿಲ್ಲ. ಹಡಗು ನಿಲ್ಲುವುದು ಚಿವಿಟವೆಕ್ಯಾ ಅನ್ನುವ ಬಂದರಿನಲ್ಲಿ. ಅಲ್ಲಿಂದ ರೋಮ್, ಬೆಳಗಾವಿಯಿಂದ ಧಾರವಾಡ ಎಷ್ಟು ದೂರವೋ ಹೆಚ್ಚು ಕಡಿಮೆ ಅಷ್ಟು ದೂರ. ಇದನ್ನು ಏಜೆಂಟರ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ರೋಮ್ ಅಂತಲೇ ಹಾಕುತ್ತಾರೆ. ಹೀಗೆ ಬೇರೆ ಊರುಗಳೂ ಇವೆ. ಪ್ಯಾರಿಸ್ ಅಂತ ಬರೆದಿದ್ದರೆ ಹಡಗು ನಿಲ್ಲುವುದು ಲ ಆವ್ರ್ ಬಂದರಿನಲ್ಲಿ, ಅಲ್ಲಿಂದ ಪ್ಯಾರಿಸ್‌ಗೆ ಸುಮಾರು 200 ಕಿ.ಮೀ. ಫ್ಲಾರೆನ್ಸ್ ಅಂದರೆ ಲಿವೋರ್ನೊ. ಬರ್ಲಿನ್ ಅಂದರೆ ವಾರ್ನೆಮ್ಯುಂಡೆ, ಅಲ್ಲಿಂದ ಬರ್ಲಿನ್‌ಗೆ 200 ಕಿ.ಮೀ.ಗೂ ಜಾಸ್ತಿ. ಲಂಡನ್ ಅಂದರೆ ಬಹಳ ಸಲ ಸೌತಾಂಪ್ಟನ್, ವಾಟರ್ಲೂ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ವೆನಿಸ್ ವಿಷಯ ಇನ್ನೂ ಬೇರೆ. ಹಳೆಯ ಊರಿನ ನಡುವಿನ ಕಾಲುವೆಗೆ ದೊಡ್ಡ ಹಡಗು ಬರಬಾರದು ಅಂತ 2021ರ ಆಗಸ್ಟ್‌ನಿಂದ ಇಟಲಿ ಸರ್ಕಾರ ತಡೆದಿದೆ. ಹಾಗಾಗಿ ವೆನಿಸ್ ಅಂತ ಮಾರುವ ಎಷ್ಟೋ ಕ್ರೂಸ್‌ಗಳು ಮಾರ್ಘೆರಾದಲ್ಲೋ, ರವೆನ್ನಾದಲ್ಲೋ, ಟ್ರಿಯೆಸ್ಟೆಯಲ್ಲೋ ಜನರನ್ನು ಇಳಿಸುತ್ತವೆ.

ದೂರ ಇರುವುದು ತಪ್ಪಲ್ಲ. ಗೊತ್ತಿದ್ದರೆ ತಯಾರಿ ಮಾಡಿಕೊಳ್ಳಬಹುದು, ಅಲ್ವಾ? ಗೊತ್ತಿಲ್ಲದೆ ಹೋಗುವುದೇ ಕಷ್ಟ.

ಚಿವಿಟವೆಕ್ಯಾದ ಬೆಳಿಗ್ಗೆ ಹೇಗಿರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲಸ ಶುರುವಾಗುವುದು ಹಿಂದಿನ ರಾತ್ರಿಯೇ. ದೊಡ್ಡ ಬ್ಯಾಗುಗಳಿಗೆ ಹಡಗಿನವರು ಕೊಟ್ಟ ಬಣ್ಣದ ಚೀಟಿ ಕಟ್ಟಿ ಕೋಣೆಯ ಬಾಗಿಲ ಹೊರಗೆ ಇಡಬೇಕು. ರಾತ್ರಿ ಅವನ್ನು ಒಯ್ಯುತ್ತಾರೆ, ಬೆಳಿಗ್ಗೆ ಕೆಳಗೆ ಟರ್ಮಿನಲ್ಲಿನಲ್ಲಿ ಸಿಗುತ್ತವೆ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ, ಪಾಸ್‌ಪೋರ್ಟು, ರೈಲಿನ ಟಿಕೆಟ್, ಬೆಳಿಗ್ಗೆ ಉಡುವ ಬಟ್ಟೆ ಇವಿಷ್ಟು ಕೈಚೀಲದಲ್ಲೇ ಇರಬೇಕು. ಆ ಬಣ್ಣದ ಚೀಟಿಯ ಪ್ರಕಾರ ಗುಂಪು ಗುಂಪಾಗಿ ಕರೆಯುತ್ತಾರೆ. ಹಡಗು 7ಕ್ಕೆ ಬಂತು ಅಂದರೆ ನೀವು 7ಕ್ಕೆ ಇಳಿದಿರಿ ಅಂತಲ್ಲ. ನಿಮ್ಮ ಬಣ್ಣ ಬರುವ ಹೊತ್ತಿಗೆ ಎಂಟೂವರೆಯೂ ಆಗಬಹುದು. ತಮ್ಮ ಬ್ಯಾಗನ್ನು ತಾವೇ ಎಳೆದುಕೊಂಡು ಹೋಗುವವರಿಗೆ ಮೊದಲು ಬಿಡುತ್ತಾರೆ. ಬೇಗ ಇಳಿಯಬೇಕಾದವರು ಲಗೇಜು ಕಡಿಮೆ ಇಟ್ಟುಕೊಂಡು ಇದನ್ನೇ ಮಾಡುವುದು ಒಳ್ಳೆಯದು. ಕೆಲವು ಹಡಗುಗಳಲ್ಲಿ ನಮ್ಮಂಥವರ ಪಾಸ್‌ಪೋರ್ಟನ್ನು ಮೊದಲ ದಿನವೇ ತೆಗೆದಿಟ್ಟುಕೊಳ್ಳುತ್ತಾರೆ. ಯಾವಾಗ ವಾಪಸ್ ಕೊಡುತ್ತಾರೆ ಅಂತ ಹಿಂದಿನ ದಿನವೇ ರಿಸೆಪ್ಶನ್ನಿನಲ್ಲಿ ಕೇಳಿಕೊಳ್ಳಿ.

ಹಡಗಿನ ಬುಡದಿಂದ ಬಂದರಿನ ಒಳಗಿನ ಬಸ್ಸು ಲಾರ್ಗೊ ಡೆಲ್ಲಾ ಪಾಚೆ ಅನ್ನುವ ಜಾಗಕ್ಕೆ ಬಿಡುತ್ತದೆ. ರೈಲು ನಿಲ್ದಾಣ ಅಲ್ಲಿಲ್ಲ. ಅಲ್ಲಿಂದ ಮತ್ತೊಂದು ಬಸ್ಸು ಅಥವಾ ಟ್ಯಾಕ್ಸಿ. ನಡೆದರೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಅರ್ಧ ಗಂಟೆ ಹಿಡಿಯಬಹುದು. ಕೂಲಿ ಅನ್ನುವವರು ಯಾರೂ ಇಲ್ಲ. ನಿಲ್ದಾಣದಲ್ಲಿ ಟಿಕೆಟ್ ಯಂತ್ರದ ಮುಂದೆ ಹಡಗಿನಿಂದ ಬಂದವರದ್ದೇ ದೊಡ್ಡ ಸಾಲು. ಇಲ್ಲಿಂದ ರೋಮ್‌ಗೆ ಹೋಗುವುದು ಹೆಚ್ಚಾಗಿ ರೀಜನಲ್ ಗಾಡಿ, ಅಂದರೆ ನಮ್ಮ ಪ್ಯಾಸೆಂಜರ್ ಇದ್ದಂತೆ. ಸೀಟಿನ ನಂಬರಿಲ್ಲ. ದರ ಯಾವ ಹೊತ್ತಿಗೂ ಒಂದೇ, ತಿಂಗಳ ಮೊದಲು ತೆಗೆದರೂ ಅಷ್ಟೇ, ಆ ಕ್ಷಣಕ್ಕೆ ತೆಗೆದರೂ ಅಷ್ಟೇ. ಹಾಗಾಗಿ ಈ ತುಂಡಿಗೆ ಭಾರತದಿಂದಲೇ ಬುಕ್ ಮಾಡಿ ಕೂರುವ ಅಗತ್ಯ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಕಾಗದದ ರೀಜನಲ್ ಟಿಕೆಟ್ ಇದ್ದರೆ ಗಾಡಿ ಹತ್ತುವ ಮೊದಲು ಪ್ಲಾಟ್‌ಫಾರಂ ಹತ್ತಿರ ಇರುವ ಚಿಕ್ಕ ಪೆಟ್ಟಿಗೆಯ ಸೀಳಿನಲ್ಲಿ ಅದನ್ನು ತೂರಿಸಬೇಕು. ಕಟ್ ಅಂತ ಸದ್ದಾಗಿ ಟಿಕೆಟ್ಟಿನ ಅಂಚಿನಲ್ಲಿ ತಾರೀಖು, ಹೊತ್ತು ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದಿದೆಯಾ ಅಂತ ಕಣ್ಣಿಟ್ಟು ನೋಡಿಕೊಳ್ಳಿ, ಮಸಿ ಮುಗಿದ ಪೆಟ್ಟಿಗೆಗಳೂ ಇರುತ್ತವೆ. ಮುದ್ರೆ ಇಲ್ಲದ ಟಿಕೆಟ್ ಇದ್ದರೆ ಟಿಕೆಟ್ ಇಲ್ಲದ ಹಾಗೇ, ದಂಡ ಹಾಕುತ್ತಾರೆ. ಮೊಬೈಲಿನಲ್ಲಿ ತೆಗೆದ ರೀಜನಲ್ ಟಿಕೆಟ್ಟಿಗೂ ಹೊರಡುವ ಮೊದಲು ಚೆಕ್-ಇನ್ ಒತ್ತಬೇಕು. 2023ರಿಂದ ಈ ಪದ್ಧತಿ ಬಂದಿದೆ. ದೂರದ ವೇಗದ ಗಾಡಿಗಳ ಟಿಕೆಟ್ಟಿನಲ್ಲಿ ಗಾಡಿ, ಬೋಗಿ, ಸೀಟು ಎಲ್ಲ ನಮೂದಾಗಿರುತ್ತದೆ, ಅದಕ್ಕೆ ಮುದ್ರೆ ಬೇಡ.

ಗಾಡಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ಟರ್ಮಿನಿ ಸೇರುತ್ತದೆ. ನಡುವೆ ಸ್ಯಾನ್ ಪಿಯೆತ್ರೊ, ಟ್ರಾಸ್ತೆವೆರೆ, ಓಸ್ತಿಯೆನ್ಸೆ ಬರುತ್ತವೆ. ವ್ಯಾಟಿಕನ್ ಹತ್ತಿರ ರೂಮು ಹಿಡಿದವರು ಸ್ಯಾನ್ ಪಿಯೆತ್ರೊದಲ್ಲೇ ಇಳಿದರೆ ಸುತ್ತು ತಪ್ಪುತ್ತದೆ. ಟರ್ಮಿನಿಯಲ್ಲಿ ಈ ಗಾಡಿ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ, 25ರ ಆಚೆಯ ಪ್ಲಾಟ್‌ಫಾರಂಗಳಲ್ಲಿ ನಿಲ್ಲುತ್ತದೆ. ಅಲ್ಲಿಂದ ವೇಗದ ಗಾಡಿಗಳಿರುವ ಮುಖ್ಯ ಭಾಗಕ್ಕೆ ಬ್ಯಾಗು ಎಳೆದುಕೊಂಡು ಹೋಗಲು ವಯಸ್ಸಾದವರಿಗೆ ಹತ್ತು ನಿಮಿಷ ಬೇಕೇ ಬೇಕು. ಒಳಗೆ ಬಿಡುವ ಮೊದಲು ಟಿಕೆಟ್ ನೋಡುತ್ತಾರೆ. ಎಲ್ಲ ಕೂಡಿಸಿ ನೋಡಿ. ಎಂಟೂವರೆಗೆ ಇಳಿದವರು ಒಂಬತ್ತೂ ಕಾಲರ ಆಸುಪಾಸಿಗೆ ಗಾಡಿ ಹತ್ತಿದರೆ, ಹತ್ತೂವರೆ ಹನ್ನೊಂದಕ್ಕೆ ಟರ್ಮಿನಿ. ಮಧ್ಯಾಹ್ನ 12ಕ್ಕಿಂತ ಮೊದಲಿನ ಗಾಡಿಯ ಟಿಕೆಟ್ ಯಾರೂ ತೆಗೆಯಬಾರದು. ನನ್ನನ್ನು ಕೇಳಿದರೆ ಒಂದು ಗಂಟೆಯ ಮೇಲಿನ ಗಾಡಿಯೇ ಸರಿ. 60 ದಾಟಿದವರು ಆ ರಾತ್ರಿ ರೋಮ್‌ನಲ್ಲೇ ಉಳಿದು ಮರುದಿನ ಹೊರಡುವುದು ಇನ್ನೂ ಸರಿ.

ಪಿಸಾ, ಜೆನೋವಾ ಕಡೆ ಹೋಗುವವರು ಮಾತ್ರ ರೋಮ್‌ಗೆ ಹೋಗಲೇಬೇಡಿ. ಚಿವಿಟವೆಕ್ಯಾ ಆ ದಿಕ್ಕಿನ ಸಮುದ್ರದ ಪಕ್ಕದ ಮಾರ್ಗದಲ್ಲೇ ಇದೆ. ಇಂಟರ್‌ಸಿಟಿ ಗಾಡಿಗಳು ಅಲ್ಲೇ ನಿಂತು ಉತ್ತರಕ್ಕೆ ಹೋಗುತ್ತವೆ. ಇಂಥವರನ್ನೂ ರೋಮ್‌ಗೆ ಕರೆದೊಯ್ದು ಮತ್ತೆ ಅದೇ ದಾರಿಯಲ್ಲಿ ವಾಪಸ್ ತರುವ ಪ್ಲ್ಯಾನುಗಳನ್ನು ನೋಡಿದ್ದೇನೆ. ನಕಾಶೆ ಒಂದು ಸಲ ಬಿಡಿಸಿ ನೋಡಿದ್ದರೆ ಸಾಕಿತ್ತು.

ಇನ್ನು ವೇಗದ ಗಾಡಿಗಳ ದರ. ಇಲ್ಲಿ ನಮ್ಮ ರೈಲ್ವೆಯ ಅಂದಾಜು ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಸ್ಲೀಪರ್ ದರ ಇವತ್ತು ತೆಗೆದರೂ ತಿಂಗಳ ಮೊದಲು ತೆಗೆದರೂ ಒಂದೇ, ತತ್ಕಾಲ್ ಬಿಟ್ಟರೆ. ಇಟಲಿಯ ಫ್ರೆಚ್ಚಾರೊಸ್ಸಾ, ಇತಾಲೊ, ಫ್ರಾನ್ಸಿನ ಟಿಜಿವಿ ಗಾಡಿಗಳಲ್ಲಿ ವಿಮಾನದ ಹಾಗೆ ದರ ಏರುತ್ತಾ ಹೋಗುತ್ತದೆ. ಎರಡು ಮೂರು ತಿಂಗಳು ಮೊದಲು ತೆಗೆದರೆ ಬಹಳ ಅಗ್ಗ. ಆದರೆ ಅತಿ ಅಗ್ಗದ ಟಿಕೆಟ್ ಆ ಗಾಡಿಗೆ ಮಾತ್ರ, ತಪ್ಪಿದರೆ ಹೋಯಿತು. ಹಡಗು ಇಳಿದ ದಿನದ ಗಾಡಿಗೆ ಸ್ವಲ್ಪ ಹೆಚ್ಚು ಕೊಟ್ಟು ಬದಲಿಸಬಹುದಾದ ಟಿಕೆಟ್ ತೆಗೆಯಿರಿ. ಮುಂದಿನ ದಿನಗಳಿಗೆ ಅಗ್ಗದ್ದು ಸಾಕು. ಇಷ್ಟು ವಿವೇಚನೆಯನ್ನು ಏಜೆಂಟರೇ ಮಾಡಬೇಕಿತ್ತು. ಕಮಿಷನ್ ಪಡೆಯುವುದು ಇದಕ್ಕೇ ಅಲ್ವಾ?

ಯುರೇಲ್ ಪಾಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ಒಂದೇ ಸಲ ಹಣ ಕಟ್ಟಿ ಹಲವು ಗಾಡಿ ಹತ್ತಲು ಯುರೋಪಿನ ಹೊರಗಿನವರಿಗೆ ಇರುವ ರೈಲು ಪಾಸ್ ಇದು. ಗ್ಲೋಬಲ್ ಪಾಸ್ ತೆಗೆದರೆ 33 ದೇಶಗಳಲ್ಲಿ ನಡೆಯುತ್ತದೆ. 60 ದಾಟಿದವರಿಗೆ ರಿಯಾಯಿತಿಯೂ ಉಂಟು. ನಮ್ಮಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಿಂದ ನಿಂತೇ ಹೋಗಿದೆ, ಅದನ್ನು ವಾಪಸ್ ಕೊಡಬೇಕು ಅಂತ ಈ ಪತ್ರದಲ್ಲೂ ಹೇಳಿಬಿಡುತ್ತೇನೆ. ಪಾಸ್ ಇದ್ದರೆ ಸೀಟೂ ಸಿಕ್ಕಿತು ಅಂತ ತಿಳಿಯಬೇಡಿ. ಇಟಲಿ, ಫ್ರಾನ್ಸ್, ಸ್ಪೇನ್‌ನ ವೇಗದ ಗಾಡಿಗಳಿಗೆ ಪಾಸ್ ಮೇಲೆ ಬೇರೆ ಹಣ ಕೊಟ್ಟು ಸೀಟು ಕಾದಿರಿಸಬೇಕು. ಟಿಜಿವಿಗಳಲ್ಲಿ ಪಾಸ್‌ನವರಿಗೆ ಇಡುವ ಸೀಟುಗಳು ಬೇಗ ಮುಗಿಯುತ್ತವೆ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದಲ್ಲಿ ಬಹುತೇಕ ಗಾಡಿಗಳಿಗೆ ಹಾಗೇ ಹತ್ತಿ ಕೂರಬಹುದು. ರೋಮ್, ಫ್ಲಾರೆನ್ಸ್, ವೆನಿಸ್ ನೋಡಿ ವಿಮಾನ ಹತ್ತುವವರಿಗೆ ಪಾಸ್ ದಂಡ. ಸ್ವಿಟ್ಜರ್ಲೆಂಡಿನಲ್ಲೇ ಹೆಚ್ಚು ಸುತ್ತುವವರಿಗೆ ಸ್ವಿಸ್ ಟ್ರಾವೆಲ್ ಪಾಸ್ ಒಳ್ಳೆಯದು. ರೈಲು, ಬಸ್ಸು, ಸರೋವರದ ದೋಣಿ ಎಲ್ಲಕ್ಕೂ ಅದೊಂದೇ ಸಾಕು. ಯೂಂಗ್‌ಫ್ರೌನಂಥ ಬೆಟ್ಟದ ರೈಲಿಗೆ ಮಾತ್ರ ಪೂರ್ತಿ ಬಿಟ್ಟಿಯಲ್ಲ, ದರದಲ್ಲಿ ಕಡಿತ ಸಿಗುತ್ತದೆ.

ಮಿಲಾನ್‌ನಿಂದ ಜ್ಯೂರಿಕ್‌ಗೆ ಹಗಲು ಗಾಡಿಯಲ್ಲೇ ಹೋಗಿ. ಮೂರೂ ಚಿಲ್ಲರೆ ಗಂಟೆ. ಕೋಮೊ, ಲುಗಾನೊ ಸರೋವರಗಳ ಕಡೆಯಿಂದ ಹಾದು ಗೋಥಾರ್ಡ್ ಬೇಸ್ ಸುರಂಗಕ್ಕೆ ಇಳಿಯುತ್ತದೆ. 57 ಕಿ.ಮೀ. ಉದ್ದ, 2016ರಲ್ಲಿ ತೆರೆದದ್ದು, ಜಗತ್ತಿನಲ್ಲೇ ಉದ್ದದ ರೈಲು ಸುರಂಗ. ನಾನು ಗಡಿಯಾರ ಹಿಡಿದೇ ಕೂತಿದ್ದೆ. ಕತ್ತಲು ಮುಗಿದು ಆಚೆ ಬರುವಷ್ಟರಲ್ಲಿ ಕಿಟಕಿಯ ಹೊರಗೆ ಮನೆಗಳ ಮಾಡು, ಫಲಕದ ಭಾಷೆ, ಹವೆ ಎಲ್ಲ ಬದಲಾಗಿತ್ತು. ರಾತ್ರಿ ಗಾಡಿ ಇಷ್ಟ ಪಡುವವರಿಗೆ ಆಸ್ಟ್ರಿಯಾ ರೈಲ್ವೆಯ ನೈಟ್‌ಜೆಟ್ ರೋಮ್‌ನಿಂದ ಮ್ಯೂನಿಕ್, ವಿಯೆನ್ನಾ ಕಡೆ ಹೋಗುತ್ತದೆ. ಮಲಗುವ ಬರ್ತ್ ಇದೆ, ಹೆಂಗಸರಿಗೇ ಬೇರೆ ಕಂಪಾರ್ಟ್‌ಮೆಂಟ್ ಕೂಡ ಕೇಳಬಹುದು. ಹಡಗು ಇಳಿದ ದಿನ ರೋಮ್ ನೋಡಿ ರಾತ್ರಿ ಇದನ್ನು ಹತ್ತಿದರೆ ಒಂದು ಹೋಟೆಲ್ ಖರ್ಚು ಉಳಿಯುತ್ತದೆ, ಗಾಡಿ ತಪ್ಪುವ ಭಯವೂ ಇಲ್ಲ.

ಪ್ಯಾರಿಸ್‌ನಲ್ಲಿ ಒಂದೇ ರೈಲು ನಿಲ್ದಾಣ ಇಲ್ಲ ಅನ್ನುವುದೂ ಗೊತ್ತಿರಲಿ. ಸ್ವಿಟ್ಜರ್ಲೆಂಡ್ ಕಡೆಯ ಗಾಡಿ ಗಾರ್ ದ ಲಿಯಾನ್‌ಗೆ ಬರುತ್ತದೆ. ಲಂಡನ್‌ಗೆ ಹೋಗುವ ಯುರೋಸ್ಟಾರ್ ರೈಲು ಹೊರಡುವುದು ಗಾರ್ ದು ನೋರ್‌ನಿಂದ. ಲ ಆವ್ರ್ ಬಂದರಿನ ಗಾಡಿ ಸೇರುವುದು ಸೇಂಟ್ ಲಜಾರ್‌ಗೆ. ಯುರೋಸ್ಟಾರ್‌ಗೆ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುವುದರಿಂದ ಒಂದು ಗಂಟೆಗೂ ಮೊದಲೇ ಅಲ್ಲಿರಬೇಕು. ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾ ಲಂಡನ್‌ಗೆ ನಡೆಯುವುದಿಲ್ಲ, ಬ್ರಿಟನ್ ವೀಸಾ ಬೇರೆ ತೆಗೆಯಬೇಕು.

ವೀಸಾ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಗ್ರೀಸ್ ಕಡೆ ಸುತ್ತುವ ಹಡಗುಗಳು ಟರ್ಕಿಯ ಕುಶಾದಾಸಿಯಲ್ಲೂ ನಿಲ್ಲುವುದುಂಟು. ಟರ್ಕಿ ಶೆಂಗೆನ್‌ನಲ್ಲಿಲ್ಲ. ಒಂದೇ ಸಲ ಒಳಗೆ ಬಿಡುವ ವೀಸಾ ಇದ್ದವರು ಅಲ್ಲಿಗೆ ಹೋಗಿ ಮತ್ತೆ ಇಟಲಿಗೆ ಬರುವಾಗ ಸಿಕ್ಕಿಬೀಳುತ್ತಾರೆ, ಮುಂದಿನ ರೈಲು ಪ್ರಯಾಣವೆಲ್ಲ ಮಣ್ಣುಪಾಲು. ಅರ್ಜಿ ಹಾಕುವಾಗಲೇ ಹಲವು ಸಲದ ಪ್ರವೇಶ ಕೇಳಿ. ಅರ್ಜಿಯನ್ನು ಹೆಚ್ಚು ದಿನ ಉಳಿಯುವ ದೇಶಕ್ಕೆ ಹಾಕಬೇಕು. ಹಡಗು ಇಟಲಿಯದ್ದಾದರೂ ರೈಲಿನಲ್ಲಿ ಹೋಗಿ ಫ್ರಾನ್ಸ್‌ನಲ್ಲೇ ಜಾಸ್ತಿ ದಿನ ಇರುವುದಾದರೆ ಅರ್ಜಿ ಫ್ರಾನ್ಸ್‌ಗೆ. ಅಂದರೆ ರೈಲಿನ ಯೋಜನೆ ಮೊದಲು, ವೀಸಾ ಆಮೇಲೆ. ನಮ್ಮಲ್ಲಿ ಉಲ್ಟಾ ಮಾಡುತ್ತಾರೆ.

ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಆಗುತ್ತದೆ. ಮೊದಲೇ ತಾರೀಖು ಹೇಳಿ ಮಾಡುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ರೀಜನಲ್ ಗಾಡಿಗಳು ಓಡಲೇಬೇಕು ಅನ್ನುವ ನಿಯಮ ಇದೆ. ಹೊರಡುವ ವಾರದ ಮೊದಲು ಒಮ್ಮೆ ನೋಡಿಕೊಂಡರೆ ಸಾಕು. ಬಂದರಿನಲ್ಲಿ ಇಳಿಯುವ ದಿನವೇ ಮುಷ್ಕರ ಬಿದ್ದರೆ, ಹಡಗಿನವರೇ ರೋಮ್‌ಗೆ ಬಿಡುವ ಬಸ್ಸಿಗೆ ಹಣ ಕಟ್ಟಿಬಿಡಿ.

ಊಟದ ಬಗ್ಗೆ ನಮ್ಮ ಹೆಂಗಸರು ಹೆಚ್ಚು ಕೇಳುತ್ತಾರೆ. ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿನವರು ಬಿಡುವುದಿಲ್ಲ. ಹಾಗಾಗಿ ಮಕ್ಕಳಿಗೆ ಅಂತ ಬೆಳಗಾವಿ ಕುಂದಾ ಕಟ್ಟಿಕೊಳ್ಳಬೇಡಿ. ಶೇಂಗಾ ಚಟ್ನಿ, ಖಡಕ್ ರೊಟ್ಟಿಗೆ ತೊಂದರೆ ಇಲ್ಲ. ರೈಲಿನಲ್ಲಿ ಕೂತು ತಿನ್ನುವುದಕ್ಕೆ ಅವರೂ ಏನೂ ಅನ್ನುವುದಿಲ್ಲ.

ನಿಲ್ದಾಣದ ಹತ್ತಿರದ ಬಂದರಿನಲ್ಲೇ ಮುಗಿಯುವ ಕ್ರೂಸ್ ಸಿಕ್ಕರೆ ಅದನ್ನೇ ಆರಿಸಿ. ಜೆನೋವಾದಲ್ಲಿ ಹಡಗಿನ ಟರ್ಮಿನಲ್ಲಿನಿಂದ ಪಿಯಾಟ್ಸಾ ಪ್ರಿನ್ಚಿಪೆ ನಿಲ್ದಾಣಕ್ಕೆ ನಡೆದೇ ಹೋಗಬಹುದು, ಅಲ್ಲಿಂದ ಮಿಲಾನ್ ಎರಡು ಗಂಟೆಯ ಒಳಗೆ. ಟ್ರಿಯೆಸ್ಟೆಯಲ್ಲೂ ನಿಲ್ದಾಣ ದೂರ ಇಲ್ಲ. ವಾರ್ನೆಮ್ಯುಂಡೆಯಲ್ಲಿ ಬರ್ಲಿನ್ ದೂರವಾದರೂ ರೈಲು ನಿಲ್ದಾಣ ಹಡಗಿನ ಕಟ್ಟೆಯ ಪಕ್ಕದಲ್ಲೇ ಇದೆ. ಬಾರ್ಸಿಲೋನಾ ಊರಿಗೇ ಹಡಗು ಬರುತ್ತದೆ. ಸಾಂಟ್ಸ್ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ ಹೋಗಿ ಪ್ಯಾರಿಸ್ ಗಾಡಿ ಹಿಡಿಯಬಹುದು, ಪೂರ್ತಿ ಹಗಲಿನ ಪ್ರಯಾಣ. ಅಲ್ಲಿ ಬ್ಯಾಗುಗಳನ್ನು ವಿಮಾನ ನಿಲ್ದಾಣದ ಹಾಗೆ ಯಂತ್ರದಲ್ಲಿ ಹಾಕಿ ನೋಡುತ್ತಾರೆ, ಅದಕ್ಕೆ ಸ್ವಲ್ಪ ಮೊದಲೇ ಹೋಗಬೇಕು.

ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಟ್ರಾವೆಲ್ ಏಜೆಂಟರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಕಾಗದದಲ್ಲಿ ರೋಮ್, ಪ್ಯಾರಿಸ್ ಅಂತ ಹಾಕುವ ಕಡೆ ಬಂದರಿನ ನಿಜವಾದ ಹೆಸರನ್ನು ಕನ್ನಡದಲ್ಲಿ ಹಾಕಿ, ಪಕ್ಕದಲ್ಲಿ ಊರಿಗೆ ಎಷ್ಟು ಕಿ.ಮೀ. ಅಂತ ಬರೆಯಿರಿ. ಹಡಗು ಇಳಿದ ದಿನ ಮಧ್ಯಾಹ್ನದ ಮೊದಲಿನ ದೂರದ ಗಾಡಿಗೆ ಟಿಕೆಟ್ ಮಾಡಬೇಡಿ. ಮಾಡಿ ತಪ್ಪಿಸಿದರೆ ಆ ಹಣ ನೀವೇ ಕೊಡಿ. ಹಿರಿಯರು ಜೀವಮಾನದ ಉಳಿತಾಯದಲ್ಲಿ ಒಂದು ಸಲ ಹೋಗುವ ಪ್ರವಾಸ ಇದು, ಮಕ್ಕಳು ಕಷ್ಟಪಟ್ಟು ಕಳಿಸಿದ ಹಣ ಇದು. ಪತ್ರಿಕೆಯವರೂ ಮುಂದಿನ ಸಲ ಕ್ರೂಸ್ ಲೇಖನ ಹಾಕುವಾಗ ಇಳಿದ ಮೇಲಿನ ರೈಲಿಗೆ ಅರ್ಧ ಪುಟ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ಯುರೋಪಿನ ರೈಲು ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್‌ನ ಎರಡನೇ ಶನಿವಾರ ಮುಗಿದ ಮರುದಿನ, ಭಾನುವಾರ ಬದಲಾಗುತ್ತದೆ. ಮುಂದಿನ ಬೇಸಿಗೆಗೆ ಹೊರಡುವವರಿಗೆ ಆ ಹೊತ್ತಿಗೆ ಲೇಖನ ಬಂದರೆ ಉಪಯೋಗ.

– ನಿವೃತ್ತ ರೈಲ್ವೆ ರಿಸರ್ವೇಶನ್ ಸಿಬ್ಬಂದಿ, ಟಿಳಕವಾಡಿ, ಬೆಳಗಾವಿ